ಪಿಮ್ ಪರದೇಶಿಯಾದ ದಿನ

2009ನೇ ಇಸವಿ ಮಾರ್ಚ್ ಹತ್ತು, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ರಾಡ್ನಿ ಪಿಮ್ ಟೆಲಿಫೋನಿಗೆ ಮೂರು ಸಲ ಬಗ್ಗಿ ನಮಸ್ಕಾರ ಮಾಡಿದ. ಆ ಕಡೆಯವರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಇವನು ಉತ್ತರ ಕೊಡುತ್ತಿದ್ದದ್ದೂ ಇಂಗ್ಲಿಷಿನಲ್ಲೇ. ಆದರೂ ಧನ್ಯವಾದ ಹೇಳುವಾಗ ಒಮ್ಮೆ, ಮೂರು ಗಂಟೆಗೆ ಬರುತ್ತೇನೆ ಎನ್ನುವಾಗ ಒಮ್ಮೆ, ಫೋನಿಟ್ಟ ಮೇಲೆ ಬರೀ ಗೋಡೆಗೆ ಇನ್ನೊಮ್ಮೆ ಸೊಂಟದ ತನಕ ಬಗ್ಗಿದ. ಮೂರನೆಯ ಸಲ ಹಣೆ ಅಡುಗೆಮನೆಯ ಕಪಾಟಿಗೆ ಬಡಿದು ಟಪ್ಪೆಂದಿತು.

ಒಲೆಯ ಮುಂದೆ ಸಾರು ಕುದಿಸುತ್ತಿದ್ದ ಮನೆಯೊಡತಿ ಮಾಕಿನೊ ಅಜ್ಜಿ ಸೌಟು ಎತ್ತಿ ಹಿಡಿದು ಕೂಗಿದಳು. “ಸಿಕ್ತು! ರೋಗ ಎಲ್ಲಿದೆ ಅಂತ ಈಗ ಸಿಕ್ತು ನೋಡು!”

“ಯಾವ ರೋಗ ಅಜ್ಜಿ?” ಎಂದ ಪಿಮ್, ಹಣೆ ಉಜ್ಜಿಕೊಳ್ಳುತ್ತ.

“ಹನ್ನೊಂದು ಶಾಲೆಯವರು ನಿನ್ನ ಬೇಡ ಅಂದ್ರಲ್ಲ, ಅದರ ರೋಗ. ಫೋನಿಗೆ ನಮಸ್ಕಾರ ಹಾಕೋ ಪರದೇಶಿನ ನಾನು ಎಪ್ಪತ್ತೆರಡು ವರ್ಷದಲ್ಲಿ ನೋಡಿಲ್ಲಪ್ಪ.”

ಪಿಮ್ ನ್ಯೂಜಿಲೆಂಡಿನ ತಿಮರು ಎಂಬ ಊರಿನವನು. ಜಪಾನಿನ ಹಮಾಮತ್ಸುವಿಗೆ ಬಂದು ಏಳು ವರ್ಷವಾಗಿತ್ತು. ಅಲ್ಲಿನ ಒಂದು ಪಿಯಾನೊ ಕಾರ್ಖಾನೆಯಲ್ಲಿ, ಪಿಯಾನೊ ಕೊಂಡವರಿಗೆ ಕೊಡುವ ಪುಸ್ತಿಕೆಯ ಇಂಗ್ಲಿಷ್ ತಿದ್ದುವುದು ಅವನ ಕೆಲಸ. ಸುತ್ತ ಇದ್ದವರೆಲ್ಲ ಜಪಾನಿಗಳೇ ಆದ್ದರಿಂದ ಅವನ ಇಂಗ್ಲಿಷಿಗೆ ಪುಸ್ತಿಕೆ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಡಿಸೆಂಬರಿನಲ್ಲಿ ಆ ವಿಭಾಗವನ್ನೇ ಮುಚ್ಚಿದರು. ದೇಶದಲ್ಲಿ ಉಳಿಯುವ ಅನುಮತಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಯಾರಾದರೂ ಕೆಲಸ ಕೊಟ್ಟು ಕಾಗದಕ್ಕೆ ಮೊಹರು ಹಾಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ತಿಮರುವಿನಲ್ಲಿ ಅವನಿಗಾಗಿ ಕಾಯುತ್ತಿದ್ದದ್ದು ಅಣ್ಣನ ಕುರಿಗಳು ಮಾತ್ರ.

ಊರಿನಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸುವ ಶಾಲೆಗಳಿಗೆ ಬರವಿಲ್ಲ. ಹನ್ನೊಂದಕ್ಕೆ ಅರ್ಜಿ ಹಾಕಿದ. ಹನ್ನೊಂದರಿಂದಲೂ ಒಂದೇ ಬಗೆಯ ಕಾಗದ ಬಂತು: ಈ ಸಲ ಸಾಧ್ಯವಾಗಲಿಲ್ಲ, ತಮ್ಮ ಮುಂದಿನ ಏಳಿಗೆಗಾಗಿ ನಾವೆಲ್ಲ ಮನಃಪೂರ್ವಕ ಪ್ರಾರ್ಥಿಸುತ್ತೇವೆ.

“ನಮ್ಮ ಯಜಮಾನ್ರು ಸತ್ತಾಗ್ಲೂ ಇಷ್ಟು ಜನ ಪ್ರಾರ್ಥನೆ ಮಾಡಿರ್ಲಿಲ್ಲ” ಎಂದಿದ್ದಳು ಅಜ್ಜಿ.

ಒಬ್ಬ ವ್ಯವಸ್ಥಾಪಕ ಮಾತ್ರ ಬಾಯಿಬಿಟ್ಟು ನಿಜ ಹೇಳಿದ್ದ. “ಬೇಜಾರು ಮಾಡ್ಕೋಬೇಡಿ ಪಿಮ್-ಸಾನ್. ನಮ್ಮ ವಿದ್ಯಾರ್ಥಿಗಳು ಬರೋದು ಪರದೇಶಿ ಹತ್ರ ಮಾತಾಡೋಕೆ. ನಿಮ್ಮ ಮುಂದೆ ಕೂತ್ರೆ ಬೀದಿ ಸಂಘದ ಕಾರ್ಯದರ್ಶಿ ಹತ್ರ ಕಸದ ವಿಷಯ ಮಾತಾಡಿದ ಹಾಗಿರುತ್ತೆ.”

ಪಿಮ್ ಎರಡು ವರ್ಷದಿಂದ ಬೀದಿ ಸಂಘದ ಕಾರ್ಯದರ್ಶಿಯಾಗಿದ್ದ. ಕಸದ ವಿಷಯ ಅವನಿಗೇ ವಹಿಸಿದ್ದರು.

ಈಗ ಹನ್ನೆರಡನೆಯ ಶಾಲೆ. ಮಧ್ಯಾಹ್ನ ಮೂರಕ್ಕೆ ಸಂದರ್ಶನ. ಆ ಶಾಲೆಯ ಹೆಚ್ಚುಗಾರಿಕೆಯೇ ಅಪ್ಪಟ ಪರದೇಶಿ ಮೇಷ್ಟ್ರುಗಳು: ಜಪಾನಿ ಭಾಷೆಯ ಗಾಳಿಯೂ ಸೋಕದವರು.

“ಹಾಗಾದ್ರೆ ನೊಜುಯೆನ ಕರೀಬೇಕು” ಎಂದು ಅಜ್ಜಿ ಕಿಟಕಿಯಿಂದಲೇ ಕೂಗು ಹಾಕಿದಳು.

ಎದುರುಮನೆಯ ನೊಜುಯೆ ಚಾಪೆ ನೇಯುವವನು. 1974ರಲ್ಲಿ ನಾಲ್ಕು ದಿನ ಸ್ಯಾನ್ ಫ್ರಾನ್ಸಿಸ್ಕೋ ನೋಡಿ ಬಂದಿದ್ದ. ಅಂದಿನಿಂದ ಹೊರದೇಶದ ಬಗ್ಗೆ ಬೀದಿಯಲ್ಲಿ ಯಾರಿಗೆ ಏನು ಸಂದೇಹ ಬಂದರೂ ಅವನೇ ಕೊನೆಯ ಮಾತು. ಬಂದವನು ಪಿಮ್‌ನ ಸುತ್ತ ಎರಡು ಸಲ ತಿರುಗಿ, ಹಳೆಯ ಚಾಪೆಗೆ ತೇಪೆ ಹಾಕಬಹುದೇ ಎಂದು ನೋಡುವವನಂತೆ ನೋಡಿದ.

“ಮೊದಲನೇದು, ಬಗ್ಗಬಾರದು. ಕೈ ಹಿಡಿದು ಬಾವಿಯಿಂದ ನೀರು ಸೇದೋ ಹಾಗೆ ಕುಲುಕಬೇಕು. ಎರಡನೇದು, ಹಲ್ಲು ತೋರಿಸಬೇಕು.”

“ಎಷ್ಟು?”

“ಇರೋ ಅಷ್ಟೂ. ನೀನು ನಗೋವಾಗ ಬಾಯಿಗೆ ಕೈ ಅಡ್ಡ ಇಡ್ತೀಯಲ್ಲ, ಅದೇನು ಮದುಮಗಳೇನಯ್ಯ ನೀನು? ಕೈ ಜೇಬಲ್ಲಿಡು. ಕೂತಾಗ ಕಾಲ ಮೇಲೆ ಕಾಲು. ಏನು ನೋಡಿದ್ರೂ ‘ವಾವ್’ ಅನ್ನು.”

“ಏನು ನೋಡಿದ್ರೂನಾ?”

“ಪೆನ್ಸಿಲ್ ನೋಡಿದ್ರೂ.”

ಪಿಮ್ ಉಪ್ಪಿನ ಡಬ್ಬಿಯನ್ನು ನೋಡಿ “ವಾವ್” ಎಂದ. ಸಾವಿನ ಮನೆಯಲ್ಲಿ ಸಂತಾಪ ಹೇಳಿದಂತಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡಳು.

ಮಧ್ಯಾಹ್ನ ಊಟಕ್ಕೆ ಅನ್ನದ ಮೇಲೆ ಸುಟ್ಟ ಹಾವುಮೀನು. ಊಟದ ಕಡ್ಡಿಗಳನ್ನು ತಪ್ಪಾಗಿ ಹಿಡಿಯುವುದನ್ನೂ ಕಲಿಯಬೇಕೆಂದು ನೊಜುಯೆ ಹಟ ಹಿಡಿದ. ಏಳು ವರ್ಷದ ಅಭ್ಯಾಸವನ್ನು ಬೆರಳುಗಳು ಬಿಡಲೊಲ್ಲವು. ಬಿಟ್ಟಾಗ ಒಮ್ಮೆಲೇ ಬಿಟ್ಟವು. ಮೀನಿನ ತುಂಡು ಜಾರಿ, ಇದ್ದ ಒಂದೇ ಟೈಯ ಉದ್ದಕ್ಕೂ ಇಳಿದು ಮಡಿಲಲ್ಲಿ ಕೂತಿತು.

“ಭೇಷ್! ಈಗ ಸರಿಯಾಯ್ತು” ಎಂದು ನೊಜುಯೆ ಮನೆಗೆ ಓಡಿ ತನ್ನ ಟೈ ತಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಂಡದ್ದು. ಹಳದಿ ಬಣ್ಣ, ನಡುವೆ ಅಂಗೈಯಗಲದ ಏಡಿಯ ಚಿತ್ರ. ಹುಡುಗಾಟಕ್ಕೂ ಯಾರೂ ಕಟ್ಟಲಾರದ ಟೈ ಅದು. ಪಿಮ್ ಕಟ್ಟಿಕೊಂಡ.

“ಇನ್ನು ಈ ಹೊಸ್ತಿಲು ದಾಟಿದ ಮೇಲೆ ನಿನಗೆ ಜಪಾನಿ ಬರೋದಿಲ್ಲ” ಎಂದು ನೊಜುಯೆ ಕಟ್ಟಪ್ಪಣೆ ಮಾಡಿದ. “ನಾನು ಹತ್ತು ಹೆಜ್ಜೆ ಹಿಂದೆ ಬರ್ತೀನಿ. ಒಂದು ಮಾತಾಡಿದ್ರೂ ಕೆಮ್ತೀನಿ.”

ಪಿಮ್ ರೈಲು ನಿಲ್ದಾಣದ ಹತ್ತಿರ ಬಸ್ಸಿಳಿದು, ಹೊಸಬನಂತೆ ಕಾಣಲೆಂದು ಒಂದು ಕ್ಷಣ ಆಚೀಚೆ ನೋಡಿದ. ಅದೇ ತಪ್ಪಾಯಿತು. ಟೋಪಿ ಹಾಕಿದ ಇಬ್ಬರು ಹೆಂಗಸರು ಎಲ್ಲಿಂದಲೋ ಪ್ರತ್ಯಕ್ಷರಾದರು. ಪ್ರವಾಸಿಗಳಿಗೆ ಪುಕ್ಕಟೆ ದಾರಿ ತೋರಿಸುವ ಸಂಘದವರು. ಮಾರ್ಚ್ ತಿಂಗಳ ಚಳಿಯಲ್ಲಿ ಬೆಳಗ್ಗೆಯಿಂದ ಒಬ್ಬನೇ ಒಬ್ಬ ಪ್ರವಾಸಿಯೂ ಸಿಕ್ಕಿರಲಿಲ್ಲ.

“ಪಾಪ ಕಣ್ರೀ, ದಾರಿ ತಪ್ಪಿದೆ” ಎಂದಳು ಒಬ್ಬಳು.

“ಕೋಟೆ ನೋಡೋಕೆ ಬಂದಿರ್ತಾನೆ. ಟೈ ನೋಡಿ, ಪ್ರವಾಸಿನೇ” ಎಂದಳು ಇನ್ನೊಬ್ಬಳು.

ಪಿಮ್ ಬಾಯಿ ತೆರೆದ. ಹತ್ತು ಹೆಜ್ಜೆ ಹಿಂದೆ ನೊಜುಯೆ ಕೆಮ್ಮಿದ. ಪಿಮ್ ಬಾಯಿ ಮುಚ್ಚಿ, ಇರುವಷ್ಟೂ ಹಲ್ಲು ತೋರಿಸಿದ. ಇಬ್ಬರೂ ಆಚೆಗೊಂದು ಈಚೆಗೊಂದು ತೋಳು ಹಿಡಿದು ಅವನನ್ನು ಕೋಟೆಗೆ ಕರೆದುಕೊಂಡು ಹೋದರು. ಹೋದ ವರ್ಷ ಬೀದಿ ಸಂಘದ ಕಡೆಯಿಂದ ಆ ಕೋಟೆಯ ಅಂಗಳದ ಎಲೆ ಗುಡಿಸಿದವನು ಅವನೇ. ಈಗ ಒಂದೊಂದು ಕಲ್ಲಿಗೂ “ವಾವ್” ಎನ್ನುತ್ತ ಮೇಲಂತಸ್ತಿನ ತನಕ ಹತ್ತಿದ. ಇಳಿದು ಓಡಿದಾಗ ಗಂಟೆ ಎರಡೂ ನಲವತ್ತೆರಡು. ಹಿಂದೆ ನೊಜುಯೆ ಈಗ ನಿಜವಾಗಿಯೂ ಕೆಮ್ಮುತ್ತಿದ್ದ.

ಎರಡೂ ಐವತ್ತೆಂಟಕ್ಕೆ ಶಾಲೆ ತಲುಪಿದರು. ಕಟ್ಟಡದ ಮೂರನೆಯ ಮಹಡಿ. ನೊಜುಯೆ ಮುಂದಿನ ಕೋಣೆಯ ಟೀವಿಯ ಎದುರು ಉಸ್ಸೆಂದು ಕೂತ. ಗೋಡೆಯ ಮೇಲೆ ಮುಖ್ಯ ಮೇಷ್ಟ್ರು ಪ್ರಾಸರ್ ಅವರ ಆಳೆತ್ತರದ ಚಿತ್ರ, ವೇಲ್ಸ್ ದೇಶದವರು. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ಹನ್ನೊಂದು ವರ್ಷ, ಜಪಾನಿಯ ಒಂದು ಪದವೂ ಇಲ್ಲ!

ವ್ಯವಸ್ಥಾಪಕಿ ಶಿರಾಯ್ ಎದ್ದು ಬಂದಳು. ಪಿಮ್ ನೀರು ಸೇದಿದಂತೆ ಅವಳ ಕೈ ಕುಲುಕಿದ. ಅವಳ ಕನ್ನಡಕ ಮೂಗಿನ ತುದಿಗೆ ಜಾರಿತು, ಮುಖ ಅರಳಿತು. ಪಿಮ್ ಕಾಲ ಮೇಲೆ ಕಾಲು ಹಾಕಿ ಕೂತ. ಮೇಜಿನ ಮೇಲಿದ್ದ ಪೆನ್ಸಿಲ್ ನೋಡಿ “ವಾವ್” ಎಂದ. ಅವಳ ಪಕ್ಕದಲ್ಲೇ ಕೂತಿದ್ದ ಪ್ರಾಸರ್ ಬೊಜ್ಜು ಹೊಟ್ಟೆಯ ಮೇಲೆ ಕೈ ಜೋಡಿಸಿ, ಮೆಚ್ಚಿದವರಂತೆ ತಲೆದೂಗಿದರು.

ನಂತರ ಮಾದರಿ ಪಾಠ. ವಿದ್ಯಾರ್ಥಿಗಳು ಇಬ್ಬರು: ಅಗ್ನಿಶಾಮಕ ದಳದಿಂದ ನಿವೃತ್ತನಾದ ಹಿರಾನೊ, ಹೂವಿನಂಗಡಿಯ ಕಾಮಿಯಾ. ಪಿಮ್ ಬೋರ್ಡಿನ ಮೇಲೆ ಬರೆಯುವಷ್ಟು ಹೊತ್ತೂ ಅವರು ಜಪಾನಿಯಲ್ಲಿ ತಮ್ಮ ಪಾಡಿಗೆ ಮಾತಾಡುತ್ತಿದ್ದರು.

“ಮೂಗು ನೋಡಮ್ಮ, ನಮ್ಮ ದಳದ ಏಣಿ ಗಾಡಿ ಇದ್ದ ಹಾಗಿದೆ.”

“ಮೂಗು ಇರ್ಲಿ, ಆ ಟೈ! ಪಾಪ, ಮನೇಲಿ ಹೇಳೋರು ಕೇಳೋರು ಯಾರೂ ಇಲ್ಲ ಅನ್ಸುತ್ತೆ. ನಮ್ಮ ಪ್ರಾಸರ್ ಮೇಷ್ಟ್ರು ಹೊಟ್ಟೆ ಗುಡಾಣದ ಹಾಗಿದ್ರೂ ಉಡುಪು ಅಚ್ಚುಕಟ್ಟು.”

ಪಿಮ್‌ನ ಕಿವಿ ಕೆಂಪಾಯಿತು, ಮುಖ ಅಲುಗಲಿಲ್ಲ. ಏನೂ ತಿಳಿಯದ ಮಗುವಿನಂತೆ ಹಲ್ಲು ಬಿಟ್ಟು, ಸೇಬಿನ ಚಿತ್ರ ಎತ್ತಿ ತೋರಿಸಿದ. ಹಿರಾನೊ ಮೂವತ್ತೇಳು ನಿಮಿಷದಲ್ಲಿ ಐದು ವಾಕ್ಯ ಇಂಗ್ಲಿಷ್ ಮಾತಾಡಿದ. ಶಾಲೆಯಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

“ಇಂಥವರನ್ನೇ ಹುಡುಕುತ್ತಿದ್ದೆವು. ಬರುವ ಸೋಮವಾರದಿಂದ ಬನ್ನಿ” ಎಂದಳು ಶಿರಾಯ್ ಇಂಗ್ಲಿಷಿನಲ್ಲಿ. ವೀಸಾ ಕಚೇರಿಗೆ ಕೊಡಬೇಕಾದ ಕಾಗದವನ್ನು ಅಲ್ಲೇ ಮೇಜಿನ ಮೇಲೆ ಹರಡಿದಳು. ಡಬ್ಬಿಯಿಂದ ಶಾಲೆಯ ಮೊಹರು ತೆಗೆದು ಕೆಂಪು ಶಾಯಿಗೆ ಅದ್ದಿದಳು. ಪಿಮ್ ಕಾಗದದ ಮೂಲೆಯಲ್ಲಿದ್ದ ಚೌಕವನ್ನೇ ನೋಡುತ್ತಿದ್ದ. ಮೊಹರು ಚೌಕದ ನೇರಕ್ಕೆ ಬಂತು.

ಆಗ ನೆಲ ಅಲುಗಿತು.

ಕಿಟಕಿಯ ಗಾಜು ಗಡಗಡ ಎಂದಿತು. ಚಹಾದ ಲೋಟಗಳು ಮೇಜಿನ ಮೇಲೆ ಒಂದಕ್ಕೊಂದು ತಾಗಿದವು. ಶಿರಾಯ್‌ಳ ಕೈ ಮೊಹರಿನ ಸಮೇತ ಗಾಳಿಯಲ್ಲೇ ನಿಂತಿತು. ಹೊಸದಾಗಿ ಬಂದ ಪರದೇಶಿಯಾದರೆ ಇಂಥ ಹೊತ್ತಿನಲ್ಲಿ ಕಿರುಚುತ್ತಾನೆ, ಮೇಜಿನಡಿ ತೂರುತ್ತಾನೆ, ಮೂರನೆಯ ಮಹಡಿ ಎಂಬುದನ್ನೂ ಮರೆತು ಕಿಟಕಿಯ ಕಡೆ ಓಡುತ್ತಾನೆ. ಊರಿನವರು ಮಾಡುವುದು ಬೇರೆ. ತಲೆಯೆತ್ತಿ ತೂಗುದೀಪ ಎಷ್ಟು ಆಡುತ್ತಿದೆ ಎಂದು ನೋಡುತ್ತಾರೆ, ತೀವ್ರತೆ ಇಷ್ಟಿರಬೇಕು ಎಂದು ಒಂದು ಅಂಕಿ ಹೇಳುತ್ತಾರೆ. ಎರಡು ನಿಮಿಷದಲ್ಲಿ ಟೀವಿಯಲ್ಲಿ ಸರಿಯುತ್ತರ ಬರುತ್ತದೆ. ಸೊನ್ನೆಯಿಂದ ಏಳರ ತನಕದ ಆ ಅಳತೆಯಲ್ಲಿ ಪಂದ್ಯ ಕಟ್ಟದ ಮನೆಯಿಲ್ಲ.

ಪಿಮ್ ತಲೆಯೆತ್ತಿ ದೀಪ ನೋಡಿದ. “ಮೂರು ಇರ್ಬೇಕು” ಎಂದ, ಅಚ್ಚ ಹಮಾಮತ್ಸು ಬೀದಿಯ ಜಪಾನಿಯಲ್ಲಿ.

“ಎಲ್ಲಿಯ ಮೂರು? ಎರಡಕ್ಕಿಂತ ಮೇಲಿಲ್ಲ” ಎಂದಿತು ಪಕ್ಕದಿಂದ ಇನ್ನೊಂದು ದನಿ, ಅದಕ್ಕಿಂತ ಅಚ್ಚ ಜಪಾನಿಯಲ್ಲಿ.

“ದೀಪ ನೋಡಿ ಸ್ವಾಮಿ, ಹೇಗೆ ಆಡ್ತಿದೆ!”

“ಅಯ್ಯೋ, ಈ ಕಟ್ಟಡದಲ್ಲಿ ಲಾರಿ ಹೋದ್ರೂ ದೀಪ ಆಡುತ್ತೆ ಮಾರಾಯ. ಹನ್ನೊಂದು ವರ್ಷದಿಂದ ನಾನು ನೋಡ್ತಿಲ್ವಾ?”

ನೆಲ ನಿಂತಿತು. ದೀಪ ನಿಂತಿತು. ಎಲ್ಲರೂ ಪ್ರಾಸರ್ ಅವರನ್ನು ನೋಡಿದರು. ಪ್ರಾಸರ್ ತಮ್ಮ ಬಾಯಿಂದ ಈಗ ತಾನೇ ಬೇರೆ ಯಾರೋ ಮಾತಾಡಿ ಹೋದರೇನೋ ಎಂಬಂತೆ ತುಟಿ ಮುಟ್ಟಿ ನೋಡಿಕೊಂಡರು.

ಹಿರಾನೊನ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಅವನ ಹಳೆಯ ಗಾಡಿಯ ಬಣ್ಣಕ್ಕೆ ತಿರುಗಿತು. “ಮೇಷ್ಟ್ರೇ... ಹನ್ನೊಂದು ವರ್ಷ... ಹಾಗಾದ್ರೆ ನನ್ನ ನಾದಿನಿ ವಿಷಯ...”

“ಗುಡಾಣ...” ಎಂದು ಕಾಮಿಯಾ ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು.

ಬಾಗಿಲಾಚೆ ಆಳೆತ್ತರದ ಚಿತ್ರ ಕಾಣುತ್ತಿತ್ತು. ಶಿರಾಯ್ ಅದನ್ನೊಮ್ಮೆ ನೋಡಿದಳು, ಪ್ರಾಸರ್ ಅವರನ್ನೊಮ್ಮೆ, ಪಿಮ್‌ನನ್ನೊಮ್ಮೆ. ಮೊಹರನ್ನು ಹತ್ತಿಯಿಂದ ಒರೆಸಿ, ಡಬ್ಬಿಗಿಟ್ಟು, ಮುಚ್ಚಳ ಹಾಕಿದಳು. ಕಟಕ್ಕೆಂದಿತು. ಆಮೇಲೆ ಬಹಳ ನಯವಾದ ಜಪಾನಿಯಲ್ಲಿ ಹೇಳಿದಳು.

“ಪಿಮ್-ಸಾನ್, ನೀವು ಎಷ್ಟು ಒಳ್ಳೆಯ ಮೇಷ್ಟ್ರು ಅಂತ ಕಣ್ಣಾರೆ ನೋಡಿದ್ವಿ. ಆದ್ರೆ ನೋಡಿ, ಈ ಊರಿನ ಎಂಟು ಲಕ್ಷ ಜನ ಸೇರಿ ಹನ್ನೊಂದು ವರ್ಷದಲ್ಲಿ ನಮ್ಮ ಪ್ರಾಸರ್ ಮೇಷ್ಟ್ರಿಗೆ ಒಂದು ಪದ ಜಪಾನಿ ಕಲಿಸೋಕಾಗಿರ್ಲಿಲ್ಲ. ನೀವು ಬಂದು ಒಂದು ಗಂಟೆ ಆಗಿಲ್ಲ, ಅವರು ವಾಕ್ಯಗಟ್ಟಲೆ ಮಾತಾಡ್ತಿದಾರೆ. ನೀವು ಬೇಸಿಗೆ ತನಕ ಇದ್ರೆ ನಮ್ಮ ಶಾಲೆ ಗತಿಯೇನು, ಹೇಳಿ?”

ಹಿರಾನೊ, ಮೇಲಿಂದ ಇಳಿಬಿಟ್ಟ ಹಗ್ಗ ಕಂಡವನಂತೆ ಆ ಮಾತನ್ನು ಹಿಡಿದುಕೊಂಡ. “ಹೌದ್ಹೌದು! ಈಗಷ್ಟೇ ಕಲಿತದ್ದು. ನಾನೇ ನೋಡಿದೆ.”

“ಅಂಟುರೋಗದ ಹಾಗೆ ಬಂದ್ಬಿಡ್ತು, ಅಲ್ವಾ?” ಎಂದಳು ಕಾಮಿಯಾ. “ಅದಕ್ಕೆ ಮುಂಚೆ ಏನೇನೂ ಅರ್ಥ ಆಗ್ತಿರ್ಲಿಲ್ಲ ಪಾಪ, ಮೇಷ್ಟ್ರಿಗೆ.”

ಪ್ರಾಸರ್ ಎಲ್ಲರ ಮುಖವನ್ನೂ ಮುಗ್ಧವಾಗಿ ನೋಡಿ ಇಂಗ್ಲಿಷಿನಲ್ಲಿ ಕೇಳಿದರು. “ಕ್ಷಮಿಸಿ, ಏನು ಮಾತಾಡುತ್ತಿದ್ದೀರಿ?”

ಎಲ್ಲರಿಗೂ ಎಷ್ಟು ಸಮಾಧಾನವಾಯಿತೆಂದರೆ ಹಿರಾನೊ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಪಿಮ್ ಒಬ್ಬೊಬ್ಬರನ್ನೂ ನೋಡಿದ. ಇನ್ನೊಂದು ಮಾತಾಡಿದರೆ ಈ ನಾಲ್ವರೂ ನಾಳೆಯಿಂದ ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ. ಅದು ಅವನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಬಹುಶಃ ಕೆಲಸ ಸಿಗುತ್ತಿತ್ತು.

“ತಮಗೆಲ್ಲ ತೊಂದ್ರೆ ಕೊಟ್ಬಿಟ್ಟೆ, ದಯವಿಟ್ಟು ಕ್ಷಮಿಸ್ಬೇಕು” ಎಂದು ಸೊಂಟದ ತನಕ ಬಗ್ಗಿದ. ಶಿರಾಯ್ ಅವನಿಗಿಂತ ಆಳಕ್ಕೆ ಬಗ್ಗಿದಳು. ಪಿಮ್ ಇನ್ನೂ ಆಳಕ್ಕೆ ಬಗ್ಗಿದ. ಮೊಹರಿಲ್ಲದ ಕಾಗದ ಮೇಜಿನ ಮೇಲೆ ಉಳಿಯಿತು.

ಹೊರಗೆ ನೊಜುಯೆ ಕುರ್ಚಿಯಿಂದ ಏಳದೆ ಕೇಳಿದ. “ಏನಯ್ಯ, ಬೇಡ ಅಂದ್ರಾ? ಯಾಕೆ?”

“ಇರಿ, ಈಗ ಬರುತ್ತೆ” ಎಂದ ಪಿಮ್, ಟೀವಿಯ ಮೇಲೆ ನೆಟ್ಟ ಕಣ್ಣು ಕೀಳದೆ.

ಅವನ ಹಿಂದೆಯೇ ಹಿರಾನೊ ಬಂದ, ಕಾಮಿಯಾ ಬಂದಳು, ಶಿರಾಯ್ ಬಂದಳು. ಎಲ್ಲರ ಹಿಂದೆ ಪ್ರಾಸರ್ ಬಂದು ನಿಂತರು. ಕಣ್ಣು ಮೇಲಿನ ಚಾವಣಿಯ ಕಡೆ, ಕಿವಿ ಟೀವಿಯ ಕಡೆ. ಪರದೆಯ ಮೇಲಂಚಿನಲ್ಲಿ ಬಿಳಿಯ ಅಕ್ಷರಗಳು ಓಡತೊಡಗಿದವು: ಮಧ್ಯಾಹ್ನ ಮೂರು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ಭೂಕಂಪ, ಸಮುದ್ರದ ಅಲೆಗಳ ಭಯವಿಲ್ಲ, ಹಮಾಮತ್ಸು ನಗರದಲ್ಲಿ ಅಳೆದ ತೀವ್ರತೆ, 3.