ಬೀಗರ ಮುಂದೆ ಸಿಳ್ಳೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಏನು ಬೇಕಾದರೂ ಅನ್ನಿ. ನಾನು ಸಿಳ್ಳೆ ಹಾಕುತ್ತೇನೆ. ಐವತ್ತು ದಾಟಿದ, ಹಣೆ ತುಂಬ ವಿಭೂತಿ ಹಚ್ಚಿಕೊಳ್ಳುವ, ದೇಶಪಾಂಡೆ ನಗರದಲ್ಲಿ ಸ್ವಂತ ಮನೆಯಿರುವ ಹೆಂಗಸು ನಾನು. ಮನೆ, ಸೋಫಾ, ಫ್ರಿಜ್ಜು ಇವೆಲ್ಲ ಸುಖ. ಸುಖವನ್ನು ಪಡಸಾಲೆಯಲ್ಲಿಟ್ಟು ಬಂದವರಿಗೆ ತೋರಿಸಬಹುದು. ಆನಂದ ಹಾಗೆ ಇಟ್ಟಲ್ಲಿ ಇರುವುದಿಲ್ಲ. ಒಗ್ಗರಣೆ ಚಟಪಟ ಎಂದರೆ ಸಾಕು, ನನ್ನನ್ನೊಂದು ಮಾತೂ ಕೇಳದೆ ತುಟಿಯಿಂದ ಸಿಳ್ಳೆಯಾಗಿ ಹೊರಟುಬಿಡುತ್ತದೆ. "ಹೆಣ್ಮಕ್ಕಳು ಸೀಟಿ ಹೊಡದ್ರ ಮನಿಗೆ ದರಿದ್ರ ಬರ್ತೈತಿ" ಎಂದು ನಮ್ಮತ್ತೆ ಬದುಕಿರುವವರೆಗೂ ಹೇಳಿದರು. ದರಿದ್ರ ಬರಲಿಲ್ಲ. ಊರಿಗೆಲ್ಲ ನಲ್ಲಿ ನೀರಿನ ಚಿಂತೆಯಾದಾಗ ನಮ್ಮ ಬೋರ್‌ವೆಲ್ಲಿಗೆ ನೀರು ಬಂತು!

ಹೋದ ತಿಂಗಳು ಮಗಳು ಶ್ವೇತಾಳನ್ನು ನೋಡಲು ಧಾರವಾಡದವರು ಬರುವುದಿತ್ತು. ಹುಡುಗ ಅವಳೇ ಮೆಚ್ಚಿದವನು. ಅವನ ತಾಯಿ ಹೂಂ ಎನ್ನುವುದೊಂದು ಬಾಕಿ. ಆ ತಾಯಿ ಬಲು ಕಟ್ಟುನಿಟ್ಟು ಎಂದು ಸುದ್ದಿ. ನಮ್ಮ ಯಜಮಾನರು ಬೆಳಗಿನಿಂದ ನನ್ನ ಬೆನ್ನು ಬಿಡಲಿಲ್ಲ.

"ಇವತ್ತೊಂದ್ ದಿನ ಬಾಯಿ ಕಟ್ಟಿಕೊಂಡಿರು, ನಮ್ಮವ್ವಾ. ಮಗಳ ಸುಖಾ ದೊಡ್ಡದೋ, ನಿನ್ನ ಸೀಟಿ ದೊಡ್ಡದೋ?"

ಆ ಮಾತು ನಾಟಿತು. ಬಾಯಲ್ಲೊಂದು ಲವಂಗ ಇಟ್ಟುಕೊಂಡು ಅಡುಗೆಮನೆ ಸೇರಿದೆ.

ಬೀಗರು ಬಂದು ಕೂತರು. ನಾನು ಮಿರ್ಚಿ ಭಜಿ ಕರಿಯುತ್ತಿದ್ದೆ. ಹುಡುಗ ಏನೋ ಅಂದ, ಶ್ವೇತಾ ಗಂಟಲು ಬಿಚ್ಚಿ ನಕ್ಕಳು. ಹೆತ್ತವಳಿಗೆ ಆ ನಗು ಕೇಳಿದರೆ ಹೇಗಾಗಬೇಡ! ಲವಂಗ ಒಂದು ಕಡೆ ಹೋಯಿತು, ಸಿಳ್ಳೆ ಒಂದು ಕಡೆ. ಪಡಸಾಲೆಯಿಂದ "ಯಾರ್ರೀ ಅದು?" ಎಂದು ಹುಡುಗನ ತಾಯಿಯ ದನಿ ಕೇಳಿತು.

"ಓಣ್ಯಾಗಿನ ಹುಡುಗ್ರು ರೀ," ಎಂದರು ಯಜಮಾನರು.

ನನಗೆ ಸಿಟ್ಟು ನೆತ್ತಿಗೇರಿತು. ಮಿರ್ಚಿ ತಟ್ಟೆ ಹಿಡಿದು ಹೊರಗೆ ಬಂದೆ. "ಹುಡುಗ್ರಲ್ರಿ, ನಾನ. ಖುಷಿ ಆದ್ರ ಹೊಡೀತೀನಿ. ಇವರಿಬ್ಬರ ಮದ್ವ್ಯಾಗೂ ಹೊಡೀತೀನಿ."

ಬೀಗಿತ್ತಿ ಚಹಾದ ಕಪ್ಪು ಕೆಳಗಿಟ್ಟರು. "ನಮ್ಮ ಮನ್ಯಾಗ ಇಂಥಾದ್ದೆಲ್ಲಾ ನಡಿಯಂಗಿಲ್ರಿ."

"ನಡೀಲಿಕ್ಕ ಬೇಕ್ರಿ ಅತ್ತಿ," ಎಂದಳು ಶ್ವೇತಾ, "ನನಗೂ ಬರ್ತೈತಿ."

ಯಜಮಾನರು ಕಣ್ಣು ಮುಚ್ಚಿಕೊಂಡರು. ಬೀಗಿತ್ತಿ ಮಗನ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನೋ?"

"ಗೊತ್ತಿತ್ತವ್ವ. ಅದಕ್ಕ ಮೆಚ್ಚೀನಿ."

ಅವರು ಮಗನನ್ನೊಮ್ಮೆ, ಶ್ವೇತಾಳನ್ನೊಮ್ಮೆ ನೋಡಿದರು. ಆಮೇಲೆ ಒಂದು ಮಿರ್ಚಿ ಕೈಗೆತ್ತಿಕೊಂಡು, "ಹಂಗಾದ್ರ ಇಬ್ರೂ ಈಗ ಹೊಡೀರಿ, ಕೇಳಿಬಿಡ್ತೀನಿ. ಮದ್ವ್ಯಾಗ ಗಾಬರಿ ಆಗೂದು ಬ್ಯಾಡ," ಎಂದರು.

ಶ್ವೇತಾ ಹೊಡೆದಳು ನೋಡಿ, ಕಿಟಕಿ ಗಾಜು ಝಣ್ ಎಂದಿತು. ನನ್ನ ಸರದಿ. ತುಟಿ ದುಂಡಗೆ ಮಾಡಲು ಹೋದೆ, ಆಗಲೊಲ್ಲದು. ನಗು ಎರಡೂ ಕಡೆಯಿಂದ ತುಟಿ ಹಿಡಿದು ಎಳೆಯುತ್ತಿತ್ತು. ಊದಿದೆ, ಬರೀ ಗಾಳಿ. ಮತ್ತೆ ಊದಿದೆ, ಮತ್ತೂ ಗಾಳಿ.

ಬೀಗಿತ್ತಿ ಮಿರ್ಚಿ ಕಚ್ಚುತ್ತ ಶ್ವೇತಾಳಿಗೆ ಹೇಳಿದರು: "ನಿಮ್ಮವ್ವಗ ಸ್ವಲ್ಪ ಕಲಿಸವಾ, ಪಾಪ."