ಉಪನ್ಯಾಸಕ್ಕೆ ಬೀಗ

ಹಿಂದಿನ ಸಲ ಅತಿಥಿ ಉಪನ್ಯಾಸ ಮುಗಿಯುವ ಹೊತ್ತಿಗೆ ಸಭಾಂಗಣದಲ್ಲಿ ಉಳಿದಿದ್ದವರು ಇಬ್ಬರೇ: ಭಾಷಣ ಮಾಡಿದವರು ಮತ್ತು ವಂದನಾರ್ಪಣೆ ಮಾಡಬೇಕಿದ್ದ ಕಂಠಪ್ಪ ಮೇಷ್ಟ್ರು. ಹುಡುಗರೆಲ್ಲ ಹಿಂಬದಿಯಿಂದ ಒಬ್ಬೊಬ್ಬರಾಗಿ ಜಾರಿ ಹುಣಸೂರು ಬಸ್‌ಸ್ಟ್ಯಾಂಡ್ ಸೇರಿದ್ದರು.

“ಈ ಸಲವೂ ಹಂಗೇ ಆದ್ರೆ, ಕೆಲಸ ಕಾಯಂ ಮಾಡಿ ಅಂತ ನನ್ನತ್ರ ಬರಬೇಡಿ ಕಣ್ರೀ,” ಎಂದಿದ್ದರು ಕಾನೂನು ಕಾಲೇಜಿನ ಪ್ರಿನ್ಸಿಪಾಲ್ ನೀಲಾಂಬಿಕೆ ಮೇಡಂ.

ಈ ಸಲದ ವಿಷಯ ಮಾನವ ಹಕ್ಕುಗಳು. ಬರುವವರು ಮೈಸೂರಿನ ನಿವೃತ್ತ ನ್ಯಾಯಾಧೀಶ ಚೆಲುವಯ್ಯನವರು. ಬೆಳಗಿನಿಂದ ಕಂಠಪ್ಪ ಸ್ಟಾಫ್ ರೂಮಿಗೂ ಸಭಾಂಗಣದ ಬಾಗಿಲಿಗೂ ಓಡಾಡುತ್ತಿದ್ದ.

“ಅದ್ಯಾಕ್ ಸಾರ್ ಒದ್ದಾಡ್ತೀರಾ? ಎಲ್ರೂ ಕೂತ್ಮೇಲೆ ಆಚೆಯಿಂದ ಬೀಗ ಜಡಿಸ್ಬುಡಿ,” ಎಂದ ಸಹೋದ್ಯೋಗಿ ಧರ್ಮೇಂದ್ರ.

ಅಟೆಂಡರ್ ಚಿಕ್ಕಸಿದ್ದಮ್ಮನಿಗೆ ಬೀಗದ ಕೈ ಕೊಟ್ಟು ಕಂಠಪ್ಪ ಹೇಳಿದ, “ನಾನು ಜೋರಾಗಿ ಕೆಮ್ಮಿದ ತಕ್ಷಣ ತೆಗೀಬೇಕು.”

“ಆಯ್ತು ಬುಡಿ ಸಾ.”

ಭಾಷಣ ಶುರುವಾಯಿತು. ಬಾಗಿಲು ತಳ್ಳಿ ನೋಡಿದ ಹುಡುಗರು ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದು ಕೂತರು. ಚೆಲುವಯ್ಯನವರು ಮೇಜು ಗುದ್ದಿದರು: “ಯಾರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕುವ ಅಧಿಕಾರ ಯಾರಿಗೂ ಇಲ್ಲ!”

ಇಡೀ ಸಭೆ ತಿರುಗಿ, ಕುರಿಮಂದೆ ನಾಯಿಯನ್ನು ನೋಡುವಂತೆ ಕಂಠಪ್ಪನನ್ನು ನೋಡಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಚೆಲುವಯ್ಯನವರು ಉಬ್ಬಿಹೋಗಿ ಇನ್ನಷ್ಟು ಹೊತ್ತು ಮಾತಾಡಿದರು.

ವಂದನಾರ್ಪಣೆಗೆ ಎದ್ದ ಕಂಠಪ್ಪ ಕೆಮ್ಮಿದ. ಬಾಗಿಲು ಅಲುಗಲಿಲ್ಲ. ಮೈಕಿನವನಿಗೆ, ಹಾರ ಕಟ್ಟಿದವಳಿಗೆ, ಕುರ್ಚಿ ಕೊಟ್ಟ ಶಾಮಿಯಾನದವನಿಗೆ ವಂದನೆ ಹೇಳುತ್ತಾ ಮತ್ತೆ ಮತ್ತೆ ಕೆಮ್ಮಿದ. ಚೆಲುವಯ್ಯನವರೇ ಎದ್ದು ಬಂದು ನೀರು ಕೊಟ್ಟರು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಚಿಕ್ಕಸಿದ್ದಮ್ಮ ಎಸ್‌ಟಿಡಿ ಬೂತಿನಲ್ಲಿ ಮಗಳ ಹೆರಿಗೆಯ ಮಾತಿನಲ್ಲಿ ಮುಳುಗಿದ್ದಳು.

ಕೊನೆಗೆ ಅತಿಥಿಗಳೇ ಹೋಗಿ ಬಾಗಿಲು ಎಳೆದರು.

“ಬೀಗ ಆಕವ್ರೆ ಸಾರ್,” ಎಂದಳು ವಿದ್ಯಾರ್ಥಿನಿ ಪದ್ಮಶ್ರೀ.

“ಯಾರು?”

ವೇದಿಕೆ ಮೇಲಿದ್ದ ಮೇಡಂ ಮುಖ ಕೆಂಪಾಯಿತು. ಕಂಠಪ್ಪ ಮೈಕು ಬಿಟ್ಟು ಮುಂದೆ ಬಂದ. “ನಾನೇ ಸಾರ್... ಹುಡುಗ್ರು ಎದ್ದೋಗ್ತಾರೆ ಅಂತ...”

ಚೆಲುವಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಷ್ಟು ಕಾಲೇಜಲ್ಲಿ ಮಾತಾಡಿದೀನಿ ಕಣ್ರೀ! ನನ್ನ ಕೊನೇ ಮಾತಿಗೆ ಜನ ಇದ್ದದ್ದು ಇವತ್ತೇ. ಮೇಡಂ, ಇಂಥ ಮೇಷ್ಟ್ರನ್ನ ಬಿಡಬೇಡಿ!”

“ಮುಂದಿನ ತಿಂಗಳಿಂದ ಕಾಯಂ ಸಾರ್,” ಎಂದರು ಮೇಡಂ. ಕಂಠಪ್ಪನ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಅಷ್ಟರಲ್ಲಿ ಚಿಕ್ಕಸಿದ್ದಮ್ಮ ಬಂದು ಬಾಗಿಲು ತೆಗೆದು, “ಮಗಳಿಗೆ ಗಂಡು ಮಗ ಸಾ!” ಎಂದಳು.

ಚೆಲುವಯ್ಯನವರು ಹೊರಡುವ ಮೊದಲು ಹುಡುಗರತ್ತ ತಿರುಗಿದರು. “ಇಂಥ ಜೀವಂತ ಉದಾಹರಣೆ ಎಲ್ಲಿ ಸಿಗುತ್ತೆ? ಅಕ್ರಮ ಬಂಧನ ಅಂತ ಪ್ರತಿಯೊಬ್ಬರೂ ಈ ಮೇಷ್ಟ್ರ ಮೇಲೊಂದು ದೂರು ಬರೀರಿ. ದಾಕ್ಷಿಣ್ಯ ತೋರಿಸಿದವರಿಗೆ ಅಂಕ ಇಲ್ಲ. ತಿದ್ದೋರೂ ಈ ಮೇಷ್ಟ್ರೇ. ಮೊದಲನೇ ಬಹುಮಾನ ನಾನು ಕೊಡ್ತೀನಿ.”

ಹಿಂದೆಂದೂ ಪೆನ್ನು ತರದ ಹುಡುಗರು ಕೂಡ ಅಂದು ಸಾಲ ಪಡೆದು ಬರೆದರು. ಸ್ಟಾಫ್ ರೂಮಿನಲ್ಲಿ ಕಂಠಪ್ಪ ಕೆಂಪು ಪೆನ್ನು ಹಿಡಿದು ಪದ್ಮಶ್ರೀಯ ದೂರನ್ನು ಎರಡು ಸಲ ಓದಿದ. ಆರೋಪಿಗೆ ಜಾಮೀನು ಕೂಡ ಕೊಡಬಾರದೆಂದು ಚೆನ್ನಾಗಿ ವಾದಿಸಿದ್ದಳು. ಎಲ್ಲೂ ತಪ್ಪು ಸಿಗಲಿಲ್ಲ.

ನಿಟ್ಟುಸಿರು ಬಿಟ್ಟು ಪೂರ್ತಿ ಅಂಕ ಹಾಕಿದ.