ಸಿದ್ದಲಿಂಗಪ್ಪನವರ ಒಂದೇ ಪಾಠ

ಪ್ರಮೋದನ ಕೈಗೆ ಚಹಾ ಕೊಟ್ಟು ಸುಮ್ಮನೆ ಅಡುಗೆಮನೆಗೆ ಮರಳಿದ್ದರೆ ಸಿದ್ದಲಿಂಗಪ್ಪನವರ ಶನಿವಾರ ಕೆಡುತ್ತಿರಲಿಲ್ಲ. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಅವರ ಕಣ್ಣು ಬಿತ್ತು.

ಹೊರದೇಶದ ರೌಸ್ ಹಿಲ್ ಬಡಾವಣೆಯ ಕನ್ನಡ ಬಳಗ ಜಾಂಬಿಯಾದ ಒಂದು ಹಳ್ಳಿಯ ಕೆಲಸವಿಲ್ಲದ ಹುಡುಗ ಹುಡುಗಿಯರಿಗೆ ಶನಿವಾರಕ್ಕೊಮ್ಮೆ ವಿಡಿಯೊದಲ್ಲಿ ಉದ್ಯೋಗ ತರಬೇತಿ ಕೊಡುತ್ತಿತ್ತು. ಪಾಠ ಹೇಳುವವನು ಐಟಿಯ ಪ್ರಮೋದ್. ಸಿದ್ದಲಿಂಗಪ್ಪನವರ ಮಗನ ಮನೆಯಲ್ಲಿ ಇಂಟರ್ನೆಟ್ ಚುರುಕು ಎಂದು ಅವನ ಠಿಕಾಣಿ ಇಲ್ಲೇ. ಆರು ವಾರದಿಂದ ಇಂಟರ್‌ವ್ಯೂನಲ್ಲಿ ಹೇಗೆ ಕೂರಬೇಕೆಂಬುದೇ ನಡೆದಿತ್ತು. ಕೂರುವಾಗ ಕಾಲಿಗಿರಲೆಂದು ಹನ್ನೆರಡು ಜೊತೆ ಚರ್ಮದ ಬೂಟುಗಳನ್ನೂ ಬಳಗ ಕಳಿಸಿತ್ತು. ಅಲ್ಲಿ ಇಂಟರ್‌ವ್ಯೂ ಮಾಡುವವರು ಮಾತ್ರ ಯಾರೂ ಇರಲಿಲ್ಲ.

ಪರದೆಯಲ್ಲಿದ್ದ ಹನ್ನೆರಡು ಮಂದಿಯ ಬೆನ್ನ ಹಿಂದೆ ಒಂದು ಬೋರಿಂಗ್ ಇತ್ತು; ಕೈಯಿಂದ ಒತ್ತಿ ನೀರೆತ್ತುವ ಪಂಪು. ಕುಂದಗೋಳ ತಾಲೂಕಿನಲ್ಲಿ ಮೂವತ್ತನಾಲ್ಕು ವರ್ಷ ಸಿದ್ದಲಿಂಗಪ್ಪನವರು ಬಿಚ್ಚಿ ಕಟ್ಟಿದ್ದ ಅದೇ ಜಾತಿಯದು. ಸಂತೆಯಲ್ಲಿ ಬೀಗರು ಸಿಕ್ಕ ಹಾಗಾಯಿತು.

"ಅದಕ್ಕೇನಾಗೇತಿ ಕೇಳವಾ," ಎಂದರು ಸೊಸೆ ಪಲ್ಲವಿಗೆ.

ಪಲ್ಲವಿ ಇಂಗ್ಲಿಷಿನಲ್ಲಿ ಕೇಳಿದಳು. ಮುತಿಂತಾ ಎಂಬ ಹುಡುಗಿ ಎದ್ದು ಹ್ಯಾಂಡಲ್ ಒತ್ತಿ ತೋರಿಸಿದಳು. ಅದು ಹಗುರಾಗಿ ಆಡಿತು, ನೀರಿಲ್ಲ.

"ಒಳಗಿನ ಚರ್ಮದ ವಾಷರ್ ಹೋಗೇತಿ. ನಾ ಕಲಿಸ್ತೀನಿ."

"ಅಂಕಲ್, ಪ್ಲೀಸ್. ಟ್ರೈನರ್ ಅಂದ್ಮೇಲೆ ಸರ್ಟಿಫಿಕೇಟ್ ಬೇಕು. ನೀವೆಷ್ಟು ಓದಿದೀರಾ?" ಎಂದ ಪ್ರಮೋದ್.

"ಎರಡನೇ ಇಯತ್ತೆ. ಅದೂ ಪೂರಾ ಅಲ್ಲ. ಸರ್ಟಿಫಿಕೇಟ್ ತೋರಿಸಿದರ ನೀರು ಮ್ಯಾಲ ಬರ್ತೈತೇನು ತಮ್ಮಾ?"

ಮೂರು ವರ್ಷದಿಂದ ಈ ಮನೆಯಲ್ಲಿ ಅವರದೆಂದು ಉಳಿದ ಕೆಲಸ ಎರಡೇ: ಚಹಾ ಮಾಡುವುದು, ಕಸ ಹೊರಗೆ ಹಾಕುವುದು. ಇಂದು ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಕಲಿಸೋ ತನಕ ಏಳಂಗಿಲ್ಲ."

"ಸರಿ. ಇವತ್ತು ನೀರು ಬಂದ್ರೆ ಪ್ರತಿ ಶನಿವಾರ ಕ್ಲಾಸ್ ನಿಮ್ದೇ. ಬರ್ಲಿಲ್ಲಾಂದ್ರೆ ಟೀ ಮಾತ್ರ," ಎಂದು ಪ್ರಮೋದ್ ಫೋನು ಕಿವಿಗಿಟ್ಟುಕೊಂಡು ಹಿತ್ತಲಿಗೆ ನಡೆದ.

ವಾಷರ್ ಕತ್ತರಿಸಿ ತೋರಿಸಲು ಚರ್ಮ ಬೇಕಿತ್ತು. ಪಲ್ಲವಿಯ ಬ್ಯಾಗು ಪ್ಲಾಸ್ಟಿಕ್, ಮಗನ ಬೂಟು ಬಟ್ಟೆ, ಸೋಫಾ ರೆಕ್ಸಿನ್. "ಈ ಮನ್ಯಾಗ ಖರೇ ಚರ್ಮ ಅಂದರ ನನ್ನ ಮೈಮ್ಯಾಲಿಂದಷ್ಟ," ಎಂದು ಗೊಣಗುತ್ತ ಕೂತಲ್ಲಿಂದಲೇ ಬಾಗಿಲತ್ತ ಕಣ್ಣು ಹಾಯಿಸಿದರು. ಅಲ್ಲಿ ಒಂದು ಜೊತೆ ಬೂಟು ಈಗಷ್ಟೇ ಮೈ ತೊಳೆದ ಎಮ್ಮೆಗಳಂತೆ ಹೊಳೆಯುತ್ತ ಕೂತಿತ್ತು.

"ಮಾವಾರ, ಅವು ಪ್ರಮೋದ್ ಅವರವು."

"ಎಡಗಾಲಿಂದಷ್ಟ ತಗೋತೀನಿ, ಇತ್ತ ಕೊಡು."

ದುಂಡಗೆ ಕತ್ತರಿಸಿ, ಕೊಬ್ಬರಿ ಎಣ್ಣೆ ಕುಡಿಸಿ, ಎರಡು ಬಟ್ಟಲುಗಳ ನಡುವೆ ಒತ್ತಿ ಟೋಪಿಯ ಆಕಾರಕ್ಕೆ ತಂದರು. ಪಲ್ಲವಿ ಮಾತು ಮಾತಿಗೂ ಇಂಗ್ಲಿಷ್ ಹಚ್ಚಿದಳು. ಪೈಪು ಮೇಲೆತ್ತಲು ಯಂತ್ರ ಬೇಡವೇ ಎಂದಳು ಮುತಿಂತಾ.

"ಹನ್ನೆರಡು ಮಂದಿ ಅದೀರಿ, ಮತ್ಯಾವ ಯಂತ್ರ? ಪಾನಾ ಹಿಡೀರಿ, ನಟ್ಟು ಬಿಚ್ಚರಿ."

ಪರದೆಯಲ್ಲಿ ಹನ್ನೆರಡೂ ಕುರ್ಚಿ ಖಾಲಿಯಾದವು.

ಹಿತ್ತಲಿನಿಂದ ಬಂದ ಪ್ರಮೋದ್ ಎಡಗಾಲನ್ನು ಬೂಟಿಗೆ ತೂರಿಸಿದ. ಹೆಬ್ಬೆರಳು ಕಿಟಕಿಯಲ್ಲಿ ಇಣುಕಿತು.

"ಅಂಕಲ್, ಇದು ಇಟಾಲಿಯನ್ ಲೆದರ್."

"ಅದಕ್ಕ ಛಲೋ ಬಗ್ಗತು."

"ಅಲ್ಲಾ, ಆ ಹಳ್ಳೀಲಿ ಲೆದರ್ ಎಲ್ಲಿಂದ ತರ್ತಾರೆ?"

ಅದು ಸಿದ್ದಲಿಂಗಪ್ಪನವರಿಗೆ ಹೊಳೆದೇ ಇರಲಿಲ್ಲ. ಆದರೂ "ನೀರು ಬರ್ತೈತಿ" ಎಂದು ಕಲ್ಲಾಗಿ ಕೂತರು. ರಾತ್ರಿಯ ಊಟದ ತಟ್ಟೆಯನ್ನೂ ಕುರ್ಚಿಗೇ ತರಿಸಿಕೊಂಡರು.

ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಪರದೆ ಅಲುಗಾಡಿತು. ಮುತಿಂತಾ ಮೈಯೆಲ್ಲಾ ತೊಯ್ದು ನಿಂತಿದ್ದಳು. ಹಿಂದೆ ಬೋರಿಂಗ್ ಬುಳುಬುಳು ಸುರಿಸುತ್ತಿತ್ತು.

"ಕ್ಲಾಸ್ ನಂದು!" ಎಂದರು ಸಿದ್ದಲಿಂಗಪ್ಪ. "ಮುಂದಿನ ವಾರ ಹ್ಯಾಂಡಲಿನ ಬೇರಿಂಗ್ ಬದಲಿ ಮಾಡೋದು. ಚರ್ಮ ಎಲ್ಲಿ ಸಿಕ್ತು ಕೇಳು."

ಮುತಿಂತಾ ಒಂದು ಕರಿ ಬೂಟು ಎತ್ತಿ, ಅದರ ದುಂಡನೆಯ ತೂತಿನಿಂದ ಇವರತ್ತ ನೋಡಿ ನಕ್ಕಳು. ಬಳಗ ಕಳಿಸಿದ್ದ ಬೂಟೇ. ಪ್ರಮೋದ್ ತಲೆ ಹಿಡಿದುಕೊಂಡ. ಅವಳು ಇನ್ನೇನೋ ಹೇಳಿದಳು. ಪಲ್ಲವಿ ಮಾವನ ಮುಖ ನೋಡದೆ ಕನ್ನಡ ಮಾಡಿದಳು.

"ಸುತ್ತಿನ ಊರಾಗೂ ಬೋರಿಂಗ್ ಕೆಟ್ಟಾವಂತ, ಆಗಲೇ ಕರ್ಯಾಕ ಬಂದಾರಂತ. ಹನ್ನೆರಡೂ ಮಂದಿಗೆ ಕೆಲಸ ಸಿಕ್ತು ಮಾವಾರ. ಇನ್ನ ಕ್ಲಾಸಿಗೆ ಬರಾಕ ಪುರುಸೊತ್ತಿಲ್ಲಂತ."

"ಬೇರಿಂಗ್?"

"ಬಿಚ್ಚಿ ನೋಡಿ ಕಲ್ಕೊಂಡಾರಂತ. ಗುರುಗಳು ಸಾಕಂತ. ಬೂಟು ಕಳಸ್ರಿ ಅಂತಾರ."

ಪ್ರಮೋದ್ ಬಾಗಿಲಲ್ಲಿದ್ದ ಸಿದ್ದಲಿಂಗಪ್ಪನವರ ಚಪ್ಪಲಿ ಮೆಟ್ಟಿಕೊಂಡು ಕಾರು ಹತ್ತಿದ.

ಸಿದ್ದಲಿಂಗಪ್ಪ ಕೊನೆಗೂ ಕುರ್ಚಿಯಿಂದೆದ್ದರು. ಕಸದ ಚೀಲ ಹಿಡಿದು ಬರಿಗಾಲಲ್ಲಿ ಅಂಗಳಕ್ಕಿಳಿದವರು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು, ಪ್ರಮೋದ್ ಬಿಟ್ಟುಹೋದ ಬಲಗಾಲಿನ ಬೂಟನ್ನೆತ್ತಿ ಪಲ್ಲವಿಯ ಕೈಗಿಟ್ಟರು.

"ಮೊದಲ ಇದನ್ನ ಕಳಸು. ನಾಕು ವಾಷರ್ ಆಗ್ತಾವ."